ಮಹಾಮಾರಿಯೂ ಹದಿಹರೆಯದ ಆರೋಗ್ಯವೂ

ಸಾಂಕ್ರಾಮಿಕ ರೋಗವು ತಾನು ತಗಲಿದವರನ್ನು ಮಾತ್ರ ಪೀಡಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ರೋಗ ಸೋಂಕದವರ ಬಾಳನ್ನೂ ಅದು ಕದಡಬಲ್ಲದು. 2020ರಲ್ಲಿ ಹಬ್ಬಿದ ಕೋವಿಡ್ ಮಹಾಮಾರಿಯು ಹದಿಹರೆಯದವರಿಗೆ ಮಾಡಿದ ಹಾನಿ ಈ ಬಗೆಯದು.

ಹತ್ತರಿಂದ ಹತ್ತೊಂಬತ್ತು ವರ್ಷಗಳ ವಯಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಗಣಿಸುತ್ತದೆ. ಈ ಕಾಲದಲ್ಲಿ ಬಾಲಿಕೆಯರಿಗೆ ಮುಟ್ಟು ಆರಂಭವಾಗುತ್ತದೆ; ಬಾಲಕರ ಧ್ವನಿ ಒಡೆಯುತ್ತದೆ; ಮನಸ್ಸಿನಲ್ಲಿ ಹೊಸ ಭಾವನೆಗಳೂ ಸಂದೇಹಗಳೂ ಮೂಡುತ್ತವೆ. ಇವೆಲ್ಲವೂ ಪ್ರಕೃತಿಸಹಜವಾದುವು, ನಾಚಬೇಕಾದುದೇನೂ ಇಲ್ಲ. ಆದರೆ ತಿಳಿಯಹೇಳುವ ಹಿರಿಯರು ಬೇಕು. ಜೀವಶಾಸ್ತ್ರದ ಪಾಠ, ನಂಬಿಕೆಯ ಶಿಕ್ಷಕಿ, ಓರಗೆಯ ಗೆಳತಿಯರು ಒಂದೆಡೆ ದೊರೆಯುವುದು ಶಾಲೆಯಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಆ ಆಸರೆ ತಪ್ಪಿತು. ಸಂದೇಹಗಳಿಗೆ ಮೊಬೈಲು ಕೊಟ್ಟ ಉತ್ತರವೇ ಹಲವರಿಗೆ ಗತಿಯಾಯಿತು. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ವಿವೇಚಿಸುವವರು ಬಳಿಯಲ್ಲಿರಲಿಲ್ಲ. ಕರ್ನಾಟಕದಲ್ಲಿ ‘ಶುಚಿ’ ಯೋಜನೆಯಂತೆ ಶಾಲಾ ಬಾಲಿಕೆಯರಿಗೆ ಸಲ್ಲುತ್ತಿದ್ದ ಮುಟ್ಟಿನ ಪ್ಯಾಡುಗಳ ಸರಬರಾಯಿಯೂ ಆ ವರ್ಷಗಳಲ್ಲಿ ಕಡಿದುಹೋಯಿತು.

ಇದಕ್ಕಿಂತ ಘೋರವಾದುದು ಬಾಲ್ಯವಿವಾಹ. ಪುಣೆ ಜಿಲ್ಲೆಯ ದೌಂಡ ಭೀಮಾನದಿಯ ದಡದ ಊರು. ಸುತ್ತಲೂ ಕಬ್ಬಿನ ಸೀಮೆ. ದೀಪಾವಳಿಯ ಹೊತ್ತಿಗೆ ಮರಾಠವಾಡೆಯಿಂದ ಕಬ್ಬು ಕಡಿಯುವ ಕುಟುಂಬಗಳು ಇಂಥ ಸೀಮೆಗಳಿಗೆ ಬರುತ್ತವೆ. ಗಂಡಹೆಂಡಿರನ್ನು ಒಂದು ‘ಕೊಯ್ತಾ’ ಎಂದೆಣಿಸಿ ಮುಂಗಡ ಕೊಡುವುದು ಅಲ್ಲಿಯ ರೂಢಿ. ಆದಕಾರಣ ಮದುವೆಯಾದೊಡನೆ ದುಡಿಮೆಯ ಜೋಡಿಯೊಂದು ಹೆಚ್ಚುತ್ತದೆ. ಶಾಲೆ, ವಸತಿಗೃಹಗಳು ಮುಚ್ಚಿದಾಗ, ಬೆಳೆದ ಮಗಳನ್ನು ಎಲ್ಲಿ ಬಿಡುವುದೆಂಬ ಚಿಂತೆಯೂ ಬಡತನವೂ ಕೂಡಿದುವು. ನೆಂಟರ ಸಂಖ್ಯೆಗೆ ಮಿತಿಯಿದ್ದುದರಿಂದ ಮದುವೆಯ ವೆಚ್ಚವೂ ಇಳಿಯಿತು. ಹೀಗೆ ಹಲವು ಬಾಲಿಕೆಯರ ಓದು ಅರ್ಧಕ್ಕೆ ನಿಂತಿತು. ದೇಹ ಪಕ್ವವಾಗುವ ಮುನ್ನ ಗರ್ಭ ಧರಿಸಿದರೆ ರಕ್ತಹೀನತೆ, ಕಠಿನ ಪ್ರಸವ, ಕಡಮೆ ತೂಕದ ಶಿಶು ಮುಂತಾದ ಅಪಾಯಗಳು ಹೆಚ್ಚುತ್ತವೆ.

ಇದು ನಮ್ಮ ನಾಡಿನ ಸಂಕಟ ಮಾತ್ರವಲ್ಲ. 2014ರಲ್ಲಿ ಆಫ್ರಿಕದ ಸಿಯೆರಾ ಲಿಯೋನಿನಲ್ಲಿ ಎಬೋಲಾ ಹಬ್ಬಿ ಶಾಲೆಗಳು ಮುಚ್ಚಿದಾಗ ಸಹಸ್ರಾರು ಬಾಲಿಕೆಯರು ಗರ್ಭಿಣಿಯರಾದರು. ಕೋವಿಡ್ಡಿನ ಪರಿಣಾಮವಾಗಿ ಹತ್ತು ವರ್ಷಗಳಲ್ಲಿ ಒಂದು ಕೋಟಿಯವರೆಗೆ ಹೆಚ್ಚುವರಿ ಬಾಲ್ಯವಿವಾಹಗಳು ನಡೆಯಬಹುದೆಂದು ಯುನಿಸೆಫ್ 2021ರಲ್ಲಿ ಎಚ್ಚರಿಸಿತು.

ಪರಿಹಾರ ಇಲ್ಲದಿಲ್ಲ. 2006ರ ಕಾಯಿದೆಯ ಪ್ರಕಾರ ಕನ್ಯೆಗೆ 18, ವರನಿಗೆ 21 ವರ್ಷ ತುಂಬಿರಬೇಕು. ಅಪಾಯದಲ್ಲಿರುವ ಮಕ್ಕಳು 1098 ಸಂಖ್ಯೆಗೆ ದೂರವಾಣಿ ಮಾಡಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸಲಹಾ ಕೇಂದ್ರಗಳಿವೆ. ಮಹಾರಾಷ್ಟ್ರದಲ್ಲಿ ಅವುಗಳ ಹೆಸರು ‘ಮೈತ್ರಿ’, ಕರ್ನಾಟಕದಲ್ಲಿ ‘ಸ್ನೇಹ’.

ಮತ್ತೊಂದು ಮಹಾಮಾರಿ ಬಂದು ಶಾಲೆಯ ಬಾಗಿಲು ಮುಚ್ಚಬೇಕಾದರೂ, ಶಿಕ್ಷಕರು ವಿದ್ಯಾರ್ಥಿಗಳ ಮನೆಯ ಸಂಪರ್ಕವನ್ನು ಕಡಿದುಕೊಳ್ಳಬಾರದು. ವಿದ್ಯಾರ್ಥಿ ಮಿತ್ರರೇ, ನಿಮ್ಮ ಪಕ್ಕದ ಆಸನವು ಬಹುದಿನ ಬರಿದಾಗಿದ್ದರೆ ಕಾರಣವನ್ನು ವಿಚಾರಿಸಿರಿ, ಗುರುಗಳಿಗೆ ತಿಳಿಸಿರಿ. ಸಕಾಲದಲ್ಲಿ ಆಡಿದ ಒಂದು ಮಾತು ಒಬ್ಬ ಸಹಪಾಠಿಯ ಬಾಳನ್ನು ಉಳಿಸಬಹುದು.