ಟ್ಯೂಬ್ ಮೇಲಿನ ಸಣ್ಣ ಅಕ್ಷರ

ಇವತ್ತು ರಾಜಕೀಯ ಬೇಡ. ನಿಮ್ಮ ಮನೆಯ ಕನ್ನಡಿ ಹಿಂದೆ, ಫ್ರಿಜ್ ಬಾಗಿಲಲ್ಲಿ, ಇಲ್ಲಾಂದ್ರೆ ಬಚ್ಚಲುಮನೆ ಗೂಡಲ್ಲಿ ಬಾಲ ಸುರುಳಿ ಸುತ್ತಿಕೊಂಡು ಬಿದ್ದಿರೋ ಒಂದು ಸಣ್ಣ ಟ್ಯೂಬ್ ಬಗ್ಗೆ ಮಾತಾಡೋಣ. ತುರಿಕೆ ಕ್ರೀಮ್. ಯಾರೋ ಯಾವಾಗಲೋ ತಂದಿದ್ದು. ಸೊಳ್ಳೆ ಕಚ್ಚಿದರೂ ಅದೇ, ಮಗುವಿಗೆ ಗುಳ್ಳೆ ಎದ್ದರೂ ಅದೇ, ಮೊಡವೆಗೂ ಅದೇ. ಆ ಟ್ಯೂಬಿನ ಮೇಲೆ ಏನು ಬರೆದಿದೆ ಅಂತ ಯಾವತ್ತಾದ್ರೂ ಓದಿದ್ದೀರಾ?

ನಾನು ಓದಿರಲಿಲ್ಲ. ಇಂಜಿನಿಯರಿಂಗ್ ಕೊನೆಯ ವರ್ಷದ ಮಳೆಗಾಲ. ಶಿವಮೊಗ್ಗದಲ್ಲಿ ರೂಮ್, ಮನೆ ಭದ್ರಾವತಿ ನ್ಯೂಟೌನ್‌ನಲ್ಲಿ. ಮಲೆನಾಡಿನ ಮಳೆ ನಿಮಗೆ ಗೊತ್ತು. ಜೀನ್ಸ್ ಪ್ಯಾಂಟ್ ಮೂರು ದಿನ ಹಗ್ಗದ ಮೇಲಿದ್ದರೂ ಒಣಗಲ್ಲ. ಹಸಿಯಾಗೇ ಹಾಕ್ಕೊಂಡು ಕಾಲೇಜಿಗೆ ಓಡೋದು. ತೊಡೆ ಸಂದಿಯಲ್ಲಿ ತುರಿಕೆ ಶುರುವಾಯ್ತು. ಇಂಥದ್ದನ್ನ ಡಾಕ್ಟರ್ ಹತ್ರ ತೋರಿಸೋಕೆ ನಾಚಿಕೆ. ಮೆಡಿಕಲ್ ಶಾಪಿಗೆ ಹೋಗಿ ತಗ್ಗಿದ ದನಿಯಲ್ಲಿ ‘ತುರಿಕೆಗೆ ಏನಾದ್ರೂ ಕೊಡಿ’ ಅಂದೆ. ಅವರು ನನ್ನ ಮುಖ ಕೂಡ ನೋಡದೆ ಒಂದು ಟ್ಯೂಬ್ ಕೊಟ್ಟರು. ‘ಎಲ್ಲರೂ ಇದೇ ತಗೊಳ್ಳೋದು.’

ಎರಡೇ ದಿನ. ತುರಿಕೆ ಮಾಯ! ಎಂಥಾ ಔಷಧ ಅಂತ ಖುಷಿಯಾದೆ. ಹತ್ತು ದಿನಕ್ಕೆ ವಾಪಸ್ ಬಂತು. ಮತ್ತೆ ಹಚ್ಚಿದೆ, ಮತ್ತೆ ಹೋಯ್ತು, ಮತ್ತೆ ಬಂತು. ಪ್ರತಿ ಸಲ ಸ್ವಲ್ಪ ಅಗಲವಾಗಿ. ಒಂದು ಸೆಮಿಸ್ಟರ್‌ನಲ್ಲಿ ನಾಲ್ಕು ಟ್ಯೂಬ್ ಖಾಲಿ ಮಾಡಿದೆ.

ಅಷ್ಟಕ್ಕೇ ನಿಂತಿದ್ದರೆ ಈ ಮಾತು ಹೇಳ್ತಿರಲಿಲ್ಲ. ಒಂದು ಭಾನುವಾರ ಭದ್ರಾವತಿಗೆ ಬಂದಾಗ ಅಮ್ಮ ಕೇಳಿದರು, ‘ಏನೋ ಅದು, ಬ್ಯಾಗಲ್ಲಿ?’ ನಾನು, ‘ಒಳ್ಳೇ ಕ್ರೀಮಮ್ಮ, ಚರ್ಮಕ್ಕೆ ಏನೇ ಆದ್ರೂ ಹೋಗುತ್ತೆ’ ಅಂದೆ. ಅಮ್ಮನ ಕೆನ್ನೆ ಮೇಲೆ ಬಂಗು ಇತ್ತು. ಅವರಿಗೆ ಅದೊಂದು ಕೊರಗು. ಟ್ಯೂಬನ್ನ ಅಲ್ಲೇ ಬಿಟ್ಟು ಬಂದೆ. ಮುಂದಿನ ತಿಂಗಳು ಇನ್ನೊಂದು ತಂದುಕೊಟ್ಟೆ. ಮುಖ ಬೆಳ್ಳಗಾಯ್ತು, ನುಣುಪಾಯ್ತು. ಪಕ್ಕದ ಕ್ವಾರ್ಟರ್ಸಿನವರು ‘ಏನ್ರೀ, ಏನು ಹಚ್ತೀರಾ?’ ಅಂತ ಕೇಳೋ ಮಟ್ಟಿಗೆ.

ಐದಾರು ತಿಂಗಳಾದ ಮೇಲೆ ಅದೇ ಮುಖ ಒಲೆ ಮುಂದೆ ನಿಂತರೆ ಉರಿಯತೊಡಗಿತು. ಬಿಸಿಲಿಗೆ ಹೋದರೆ ಕೆಂಪು. ಸಣ್ಣ ಸಣ್ಣ ಗುಳ್ಳೆ, ಗಲ್ಲದ ಮೇಲೆ ಕೂದಲು. ಒಂದು ದಿನ ಹಚ್ಚದೆ ಇದ್ದರೆ ಮುಖ ಊದಿಕೊಳ್ಳೋದು. ಹಚ್ಚಿದರೆ ಸಮಾಧಾನ. ಕೊನೆಗೆ ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರ್ ಹತ್ರ ಕರಕೊಂಡು ಹೋದೆ. ಅವರು ಮೊದಲು ಕೇಳಿದ್ದೇ ‘ಟ್ಯೂಬ್ ತಂದಿದ್ದೀರಾ?’ ಅಂತ. ತಿರುಗಿಸಿ, ಸಣ್ಣ ಅಕ್ಷರದ ಸಾಲನ್ನ ಓದಿದರು. ‘ಅಮ್ಮ, ಇದನ್ನ ಮುಖಕ್ಕೆ ಹಚ್ಚಿ ಅಂತ ಯಾರು ಹೇಳಿದ್ದು?’ ಅಮ್ಮ ಏನೂ ಹೇಳಲಿಲ್ಲ. ನನ್ನ ಕಡೆ ನೋಡಿದರು, ಅಷ್ಟೇ.

ಆ ಸಾಲಲ್ಲಿ ಇದ್ದದ್ದು ಕ್ಲೋಬೆಟಾಸೋಲ್ ಪ್ರೊಪಿಯೊನೇಟ್, 0.05 ಪರ್ಸೆಂಟ್. ಜೊತೆಗೆ ಒಂದು ಫಂಗಸ್ ಔಷಧ, ಒಂದು ಆಂಟಿಬಯಾಟಿಕ್. ಅಲ್ಲೇ ಡಾಕ್ಟರ್ ಮೇಜಿನ ಮೇಲೆ ಇನ್ನೊಂದು ಟ್ಯೂಬ್ ಇತ್ತು: ಹೈಡ್ರೋಕಾರ್ಟಿಸೋನ್, 1 ಪರ್ಸೆಂಟ್. ನಾನು ಲೆಕ್ಕದ ಹುಡುಗ. ಒಂದಕ್ಕೆ ಹೋಲಿಸಿದರೆ 0.05 ಅಂದ್ರೆ ಇಪ್ಪತ್ತು ಪಟ್ಟು ಕಮ್ಮಿ ತಾನೇ ಅಂತ ಕೇಳಿದೆ. ಡಾಕ್ಟರ್ ನಕ್ಕರು. ಉಲ್ಟಾ! ಕ್ಲೋಬೆಟಾಸೋಲ್ ಸ್ಟೀರಾಯ್ಡ್ ಏಣಿಯ ತುತ್ತತುದಿ, ಹೈಡ್ರೋಕಾರ್ಟಿಸೋನ್ ಕೆಳಗಿನ ಮೆಟ್ಟಿಲು. ನಡುವಿನ ಅಂತರ ನೂರಾರು ಪಟ್ಟು. ಪರ್ಸೆಂಟ್ ಹೇಳೋದು ಕ್ರೀಮಲ್ಲಿ ಔಷಧ ಎಷ್ಟಿದೆ ಅಂತ ಮಾತ್ರ. ಅದು ಎಷ್ಟು ಜೋರು ಅನ್ನೋದು ಹೆಸರಲ್ಲಿದೆ.

ಹಾಗಾಗಿ ವೀಕ್ಷಕರೇ, ಹೆಸರು ಓದೋದು ಕಲಿಯಿರಿ. ಹೈಡ್ರೋಕಾರ್ಟಿಸೋನ್ ಸೌಮ್ಯ. ಡೆಸೊನೈಡ್ ಕೂಡ ಕೆಳಗಿನ ಮೆಟ್ಟಿಲಿನದೇ. ಮೊಮೆಟಾಸೋನ್, ಬೀಟಾಮೆಥಾಸೋನ್ ಅಂತ ಕಂಡರೆ ಮೇಲೆ ಹೋದಿರಿ ಅಂತ ಅರ್ಥ. ಕ್ಲೋಬೆಟಾಸೋಲ್, ಹ್ಯಾಲೊಬೆಟಾಸೋಲ್ ಅಂತಿದ್ದರೆ ಟ್ಯೂಬನ್ನ ಕೆಳಗಿಡಿ, ಡಾಕ್ಟರ್ ಬರೆದು ಕೊಡದೆ ಮುಟ್ಟಬೇಡಿ. ಬ್ರಾಂಡ್ ಹೆಸರು ನೋಡಬೇಡಿ. ಒಂದೇ ಬ್ರಾಂಡ್ ಹೆಸರಿನ ಹಿಂದೆ ಒಂದು ಬಾಲ ಸೇರಿಸಿ ಬೇರೆಯೇ ಔಷಧ ಮಾರೋದು ನಮ್ಮಲ್ಲಿ ಮಾಮೂಲಿ.

ಈ ಸ್ಟೀರಾಯ್ಡ್ ಮಾಡೋದಾದರೂ ಏನು? ಚರ್ಮಕ್ಕೆ ಏನೋ ಆಗದೆ ಇದ್ದಾಗ ದೇಹ ರಕ್ತನಾಳ ಹಿಗ್ಗಿಸಿ, ರಕ್ಷಣಾ ಕಣಗಳನ್ನ ಅಲ್ಲಿಗೆ ನುಗ್ಗಿಸುತ್ತೆ. ಅದೇ ಕೆಂಪು, ಅದೇ ಊತ, ಅದೇ ತುರಿಕೆ. ಸ್ಟೀರಾಯ್ಡ್ ಆ ಗಲಾಟೆಯನ್ನ ತಣ್ಣಗೆ ಮಾಡುತ್ತೆ. ಗಲಾಟೆ ಸುಳ್ಳೇ ಆಗಿದ್ದರೆ, ಅಂದರೆ ಅಲರ್ಜಿ, ಇಸಬು, ಕೀಟ ಕಡಿತ ಇಂಥದ್ದಾಗಿದ್ದರೆ, ಇದಕ್ಕಿಂತ ಒಳ್ಳೆ ಔಷಧ ಸಿಗೋದು ಕಷ್ಟ. 1952ರಲ್ಲಿ ಅಮೆರಿಕದ ಇಬ್ಬರು ಚರ್ಮವೈದ್ಯರು ಹೈಡ್ರೋಕಾರ್ಟಿಸೋನನ್ನ ಚರ್ಮಕ್ಕೆ ಹಚ್ಚಿ ಫಲ ಕಂಡ ಮೇಲೆ ಇಸಬಿನ ಚಿಕಿತ್ಸೆಯೇ ಬದಲಾಯ್ತು. ಆದರೆ ಒಳಗೆ ನಿಜವಾದ ಕಳ್ಳ ಇದ್ದರೆ? ನನಗಿದ್ದದ್ದು ಹುಳುಕಡ್ಡಿ, ಅಂದರೆ ಫಂಗಸ್. ಮನೆಗೆ ಬೆಂಕಿ ಬಿದ್ದಾಗ ಅಲಾರಂ ವೈರ್ ಕತ್ತರಿಸಿ ನೆಮ್ಮದಿಯಾಗಿ ಮಲಗಿದ ಹಾಗಾಯ್ತು ನನ್ನ ಕಥೆ. ಸದ್ದು ನಿಂತಿತ್ತು, ಬೆಂಕಿ ಹಬ್ಬುತ್ತಿತ್ತು. ‘ಟ್ಯೂಬಲ್ಲಿ ಫಂಗಸ್ ಔಷಧವೂ ಇತ್ತಲ್ಲ’ ಅಂತೀರಾ? ಇತ್ತು. ಆದರೆ ಪಕ್ಕದಲ್ಲೇ ಕೂತ ಕ್ಲೋಬೆಟಾಸೋಲ್ ಫಂಗಸ್ ವಿರುದ್ಧ ಹೋರಾಡೋ ದೇಹದ ಕೈಯನ್ನೇ ಕಟ್ಟಿಹಾಕಿತ್ತು. ತುರಿಕೆ ನಿಂತ ತಕ್ಷಣ ನಾನೂ ಹಚ್ಚೋದು ನಿಲ್ಲಿಸ್ತಿದ್ದೆ. ಸಾಯದ ಫಂಗಸ್ ಔಷಧಕ್ಕೆ ಒಗ್ಗಿಕೊಳ್ಳುತ್ತೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಔಷಧಕ್ಕೆ ಬಗ್ಗದ ಒಂದು ಫಂಗಸ್‌ಗೆ ಇಟ್ಟ ಹೆಸರು ಟ್ರೈಕೊಫೈಟಾನ್ ಇಂಡೊಟಿನಿಯೆ. ಹೆಸರಲ್ಲೇ ಇಂಡಿಯಾ ಇದೆ. ಇಂಥ ಮಿಶ್ರಣದ ಕ್ರೀಮ್‌ಗಳ ಬೇಕಾಬಿಟ್ಟಿ ಬಳಕೆಯೂ ಅದರ ಹರಡುವಿಕೆಗೆ ಒಂದು ಕಾರಣ ಅಂತ ಚರ್ಮವೈದ್ಯರು ಹೇಳ್ತಾರೆ.

ಇನ್ನು ಅಮ್ಮನ ಮುಖ. ಮೈಯ ಚರ್ಮ ಎಲ್ಲ ಕಡೆ ಒಂದೇ ಥರ ಅಲ್ಲ. 1967ರಲ್ಲಿ ಫೆಲ್ಡ್‌ಮನ್, ಮೈಬಾಕ್ ಅನ್ನೋ ಇಬ್ಬರು ಹೈಡ್ರೋಕಾರ್ಟಿಸೋನ್ ಯಾವ ಜಾಗದಲ್ಲಿ ಎಷ್ಟು ಒಳಗಿಳಿಯುತ್ತೆ ಅಂತ ಅಳೆದರು. ಮುಂಗೈಯಲ್ಲಿ ಇಳಿಯೋದು 1 ಪಾಲು ಅಂತಿಟ್ಟುಕೊಂಡರೆ ಹಣೆಯಲ್ಲಿ 6, ದವಡೆ ಹತ್ತಿರ 13, ವೃಷಣದ ಚರ್ಮದಲ್ಲಿ 42! ನಾನು ಮತ್ತು ಅಮ್ಮ ಇಬ್ಬರೂ ಅತಿ ಜೋರಾದ ಔಷಧವನ್ನ ಅತಿ ತೆಳು ಜಾಗಕ್ಕೇ ಹಚ್ಚಿದ್ದೆವು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ರಕ್ತನಾಳ ದಾರದ ಎಳೆಯಂತೆ ಮೇಲೆ ಕಾಣುತ್ತೆ, ತೊಡೆಯಲ್ಲಿ ಬರೆ ಬೀಳುತ್ತೆ. ನನ್ನ ಬರೆಗಳು ಇವತ್ತೂ ಇವೆ.

ನಾವಿಬ್ಬರೇ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆ ಅಂತ ಬಂದ 2926 ಜನರನ್ನ ನೋಡಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನ ಹೇಳಿದ್ದು ಡಾಕ್ಟರ್ ಅಲ್ಲವೇ ಅಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನೇನೋ ಬಂತು. ನಿಮ್ಮ ಬೀದಿಯ ಅಂಗಡಿಯಲ್ಲಿ ಯಾವತ್ತಾದ್ರೂ ಚೀಟಿ ಕೇಳಿದ್ದಾರಾ?

ಇಷ್ಟು ಕೇಳಿ ‘ಸ್ಟೀರಾಯ್ಡ್ ಅಂದ್ರೆ ವಿಷ’ ಅಂತ ಹೊರಟರೆ ಅದೂ ತಪ್ಪು. ಇಸಬು ಬಂದ ಮಗು ರಾತ್ರಿಯಿಡೀ ಕೆರಕೊಂಡು ಅಳ್ತಿರುತ್ತೆ, ಡಾಕ್ಟರ್ ಬರೆದ ಸೌಮ್ಯ ಕ್ರೀಮನ್ನ ತಾಯಿ ಹೆದರಿಕೆಯಿಂದ ಹಚ್ಚಲ್ಲ. ಇದೂ ನಡೀತಿದೆ. ನಮ್ಮ ಮನೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಅಪ್ಪನಿಗೆ ವಾಚ್ ಕಟ್ಟುವ ಮಣಿಕಟ್ಟಿನಲ್ಲಿ ಕಜ್ಜಿಯಂಥದ್ದು ಎದ್ದಿತ್ತು. ಅದೇ ಡಾಕ್ಟರ್ ನೋಡಿ, ವಾಚಿನ ಲೋಹದ ಬಕಲ್ ಅಲರ್ಜಿ ಅಂದರು. ‘ವಾಚ್ ತೆಗೀರಿ, ಹೈಡ್ರೋಕಾರ್ಟಿಸೋನ್ ಒಂದು ವಾರ ಹಚ್ಚಿ.’ ವಾರದಲ್ಲಿ ಹೋಯ್ತು, ಮತ್ತೆ ಬರಲಿಲ್ಲ. ವಾಚ್ ತೆಗೆಯದೆ ಕ್ರೀಮ್ ಮಾತ್ರ ಹಚ್ಚಿದ್ದರೆ ವರ್ಷವಿಡೀ ಹಚ್ಚಬೇಕಾಗ್ತಿತ್ತು. ಹೊಸ ಸೋಪು, ಬಟ್ಟೆ ಪೌಡರ್, ಕೂದಲಿನ ಡೈ, ಹಿತ್ತಲಿನ ಕಾಂಗ್ರೆಸ್ ಗಿಡ: ಮೊದಲು ಕಾರಣ ಹುಡುಕಿ.

ಹಚ್ಚೋದು ಹೇಗೆ? ಇದಕ್ಕೊಂದು ಅಳತೆ ಇದೆ, ನನಗೆ ತುಂಬಾ ಇಷ್ಟವಾದದ್ದು. ತೋರುಬೆರಳಿನ ತುದಿಯ ಗೆಣ್ಣಿನ ಗೆರೆಯಿಂದ ಬೆರಳ ತುದಿವರೆಗೆ ಟ್ಯೂಬಿಂದ ಒಂದು ಸಾಲು ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು, ಬೆರಳೂ ಸೇರಿ, ಜಾಗಕ್ಕೆ ಅಷ್ಟು ಸಾಕು. ಕಾಯಿಲೆ ಇರೋ ಜಾಗಕ್ಕೆ ಮಾತ್ರ, ದಿನಕ್ಕೆ ಒಂದು ಅಥವಾ ಎರಡು ಸಲ, ತೆಳ್ಳಗೆ. ಹಚ್ಚಿ ಕೈ ತೊಳೀರಿ. ಮೇಲೆ ಪ್ಲಾಸ್ಟಿಕ್, ಬ್ಯಾಂಡೇಜ್ ಸುತ್ತಬೇಡಿ, ಮುಚ್ಚಿದರೆ ಔಷಧ ಇನ್ನೂ ಜಾಸ್ತಿ ಒಳಗಿಳಿಯುತ್ತೆ. ಮಗುವಿನ ಡಯಾಪರ್ ಕೂಡ ಹಾಗೆ ಮುಚ್ಚುವ ಪ್ಲಾಸ್ಟಿಕ್ಕೇ ಅನ್ನೋದು ಬಹಳ ಜನಕ್ಕೆ ಹೊಳೆಯಲ್ಲ. ಒಣ ಚರ್ಮಕ್ಕೆ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ಅದಕ್ಕೂ ಸ್ಟೀರಾಯ್ಡ್‌ಗೂ ನಡುವೆ ಅರ್ಧ ಗಂಟೆ ಬಿಡಿ.

ಎಷ್ಟು ದಿನ? ಬ್ರಿಟನ್ನಿನಲ್ಲಿ 1 ಪರ್ಸೆಂಟ್ ಹೈಡ್ರೋಕಾರ್ಟಿಸೋನ್ ಚೀಟಿ ಇಲ್ಲದೆ ಫಾರ್ಮಸಿಯಲ್ಲಿ ಸಿಗುತ್ತೆ. ಅಲ್ಲೂ ಷರತ್ತು ಇದೆ: 7 ದಿನಕ್ಕಿಂತ ಹೆಚ್ಚು ಬೇಡ, ಮುಖಕ್ಕೆ ಬೇಡ, ಗುಪ್ತಾಂಗಕ್ಕೆ ಬೇಡ, ಗಾಯಕ್ಕೆ ಬೇಡ, 10 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರ್ ಕೇಳದೆ ಬೇಡ. ಅದನ್ನೇ ನಾವೂ ಇಟ್ಟುಕೊಳ್ಳೋಣ. ವಾರದಲ್ಲಿ ಕಮ್ಮಿ ಆಗಲಿಲ್ಲ ಅಂದ್ರೆ ಇನ್ನೊಂದು ಟ್ಯೂಬ್ ತರೋದಲ್ಲ, ಡಾಕ್ಟರ್ ಹತ್ರ ಹೋಗೋದು. ಅಂಚು ಕೆಂಪಾಗಿ, ನಡುವೆ ತಿಳಿಯಾಗಿ, ಉಂಗುರದಂತೆ ಅಗಲವಾಗ್ತಿದ್ದರೆ ಹುಳುಕಡ್ಡಿ ಇರಬಹುದು. ಮನೆಯಲ್ಲಿ ಎಲ್ಲರಿಗೂ ರಾತ್ರಿ ಹೊತ್ತು ತುರಿಕೆ ಜಾಸ್ತಿ ಅಂದರೆ ಕಜ್ಜಿ ಇರಬಹುದು. ಕೀವು, ನೀರುಗುಳ್ಳೆ, ಮೊಡವೆ ಇದ್ದರೂ ಸ್ಟೀರಾಯ್ಡ್ ಮುಟ್ಟಲೇಬೇಡಿ.

ಈಗಾಗಲೇ ಜೋರು ಕ್ರೀಮನ್ನ ತಿಂಗಳುಗಟ್ಟಲೆ ಹಚ್ಚಿದವರಿಗೆ ಒಂದು ಮಾತು. ಇವತ್ತು ಈ ಕಾರ್ಯಕ್ರಮ ನೋಡಿ ನಾಳೆ ದಿಢೀರ್ ಅಂತ ನಿಲ್ಲಿಸಿದರೆ ಮುಖ ಮೊದಲಿಗಿಂತ ಕೆಟ್ಟದಾಗಿ ಉರಿಯಬಹುದು. ಅಮ್ಮನಿಗೆ ಡಾಕ್ಟರ್ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಮೊದಲು ಸೌಮ್ಯ ಕ್ರೀಮ್, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಬರೀ ಮಾಯಿಶ್ಚರೈಸರ್. ಒಂಬತ್ತು ತಿಂಗಳು ಹಿಡೀತು. ಕೆನ್ನೆ ಮೇಲಿನ ಕೆಂಪು ಎಳೆಗಳು ಪೂರ್ತಿ ಹೋಗಲಿಲ್ಲ. ಬಂಗು ವಾಪಸ್ ಬಂದಿದೆ. ‘ಇರಲಿ ಬಿಡೋ, ಇದು ನಂದೇ’ ಅಂತಾರೆ. ನಾನು ಮೇಕಪ್ ರೂಮಿನಲ್ಲಿ ಕೂತಾಗ ಯಾರಾದ್ರೂ ‘ಈ ಕ್ರೀಮ್ ಹಚ್ಚಿ ಸರ್, ಮೂರು ದಿನದಲ್ಲಿ ಗ್ಲೋ’ ಅಂದರೆ ಮೊದಲು ಟ್ಯೂಬ್ ಈಸ್ಕೊಂಡು ತಿರುಗಿಸಿ ನೋಡ್ತೀನಿ.

ಶಿವಮೊಗ್ಗ, ಭದ್ರಾವತಿ ಕಡೆಯವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ, ಚರ್ಮರೋಗಕ್ಕೆ ಅಲ್ಲಿ ತೋರಿಸಬಹುದು. ಬೇರೆ ಊರಿನವರು ನಿಮ್ಮ ಜಿಲ್ಲಾಸ್ಪತ್ರೆಗೆ ಹೋಗಿ. ಹೋಗುವಾಗ ಹಚ್ಚಿದ ಟ್ಯೂಬ್ ಖಾಲಿಯಾಗಿದ್ದರೂ ಎಸೆಯದೆ ಚೀಲಕ್ಕೆ ಹಾಕ್ಕೊಳ್ಳಿ. ಡಾಕ್ಟರ್ ಮೊದಲು ಕೇಳೋದು ಅದನ್ನೇ.