ಬೆಳಕಿಗೆ ಬಾಗುವ ಅಣು

ನೀರಿನ ಲೋಟವನ್ನೆತ್ತಲು ನಾವು ಬೆರಳು ಮಡಿಸುವಾಗ, ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಸ್ರವಿಸಿ ಸ್ನಾಯುವಿಗೆ ಸಂಕೋಚನದ ಅಪ್ಪಣೆಯನ್ನು ಮುಟ್ಟಿಸುತ್ತದೆ. ಆದರೆ ಸ್ಲೇಟಿನ ಮೇಲೆ ಬರೆದುದನ್ನು ಒರಸದೆ ಹೊಸ ಅಕ್ಷರವನ್ನು ಬರೆಯಲಾಗದಂತೆ, ಹಳೆಯ ಅಪ್ಪಣೆ ಅಳಿಯದ ಹೊರತು ಮುಂದಿನ ಅಪ್ಪಣೆಗೆ ಅರ್ಥವಿರದು. ಈ ಒರಸುವ ಕೈಯೇ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ. ಅದರ ಒಂದೇ ಅಣುವು ಸೆಕೆಂಡಿಗೆ ಸಾವಿರಾರು ಸಂದೇಶವಾಹಕ ಅಣುಗಳನ್ನು ಸೀಳಬಲ್ಲುದು. ಆರ್ಗ್ಯಾನೋಫಾಸ್ಫೇಟ್ ಕೀಟನಾಶಕವು ಮೈಗೇರಿದವನ ಬಾಯಲ್ಲಿ ಜೊಲ್ಲು ಸುರಿದು, ಕಣ್ಣಿನ ಪಾಪೆ ಕಿರಿದಾಗಿ, ಸ್ನಾಯುಗಳು ಅದುರಿ, ಕಡೆಗೆ ಉಸಿರೇ ಕಟ್ಟುವುದು ಆ ವಿಷವು ಈ ಕೈಯನ್ನು ಕಟ್ಟಿಹಾಕುವುದರಿಂದಲೇ.

ಕಟ್ಟಿದ ಕೈಯನ್ನು ಬೇಕೆಂದಾಗ ಬಿಚ್ಚಬಲ್ಲ ಉಪಾಯವೊಂದುಂಟೆ? 1991ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೋಯೆಲ್ ಸಸ್‌ಮನ್ ಮತ್ತು ಸಂಗಡಿಗರು ಟಾರ್ಪೀಡೊ ಎಂಬ ವಿದ್ಯುತ್ ಮೀನಿನಿಂದ ಪಡೆದ ಈ ಕಿಣ್ವದ ರಚನೆಯನ್ನು ಬಿಡಿಸಿ ತೋರಿಸಿದಾಗ, ಸೀಳುವ ಕೆಲಸವು ಸುಮಾರು 2 ನ್ಯಾನೋಮೀಟರ್ ಆಳದ ಇಕ್ಕಟ್ಟಾದ ಬಾವಿಯೊಂದರ ತಳದಲ್ಲಿ ನಡೆಯುವುದೆಂದು ತಿಳಿಯಿತು. ಅಂಥ ಬಾವಿಗೆ ಇಳಿಯುವ ಅಣುವಿನ ಆಕಾರವು ತುಸು ಬದಲಾದರೂ ಸಾಕು, ಅದರ ಹಿಡಿತ ಬೇರೆಯಾಗುತ್ತದೆ.

ಆಕಾರವನ್ನು ಬದಲಿಸಬಲ್ಲ ಅಣುವಾದರೋ ರಸಾಯನಶಾಸ್ತ್ರಜ್ಞರಿಗೆ ಹಳೆಯ ಪರಿಚಯದ್ದು. ಬಣ್ಣದ ಕಾರ್ಖಾನೆಗಳ ಬಂಧುವಾದ ಅಜೋಬೆನ್ಜೀನ್ ಅಣುವಿನಲ್ಲಿ ಎರಡು ಇಂಗಾಲದ ಉಂಗುರಗಳು ಜೋಡಿ ಸಾರಜನಕದ ಕೊಂಡಿಯಿಂದ ಸೇರಿಕೊಂಡು ನೀಳವಾಗಿ ಚಾಚಿರುತ್ತವೆ. ನೇರಳಾತೀತ ಕಿರಣ ಬಿದ್ದೊಡನೆ ಆ ಕೊಂಡಿ ಮುರಿಯದೆಯೇ ಹೊರಳಿ, ಅಣುವು ಮೊಣಕೈಯಂತೆ ಮಡಿಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ನೀಲಿ ಬೆಳಕು ಅದನ್ನು ಮತ್ತೆ ನೆಟ್ಟಗಾಗಿಸುತ್ತದೆ. ಮಡಿಚಿದ ಈ ರೂಪವನ್ನು 1937ರಲ್ಲಿ ಹಾರ್ಟ್ಲಿ ಎಂಬವರು ಗುರುತಿಸಿದ್ದರು. 1969ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಬರ್ನಾರ್ಡ್ ಎರ್ಲಾಂಗರ್ ಮತ್ತು ಸಂಗಡಿಗರು ಈ ಮೊಣಕೈಯನ್ನೇ ಕಿಣ್ವರೋಧಕವೊಂದಕ್ಕೆ ಜೋಡಿಸಿ, ಬೆಳಕಿನ ಬಣ್ಣವನ್ನು ಬದಲಿಸಿದಂತೆಲ್ಲ ಕಿಣ್ವದ ವೇಗವನ್ನು ಏರಿಳಿಸಿದರು. ಅದೇ ವರ್ಷ, ಡೇವಿಡ್ ನಾಖ್ಮನ್‌ಸೋನ್ ಅವರೊಡಗೂಡಿ, ದಕ್ಷಿಣ ಅಮೆರಿಕದ ವಿದ್ಯುತ್ ಹಾವುಮೀನಿನ ಜೀವಕೋಶದಲ್ಲಿ, ಕಿಣ್ವಕ್ಕೆ ಬದಲು ಸಂದೇಶವನ್ನು ಬರಮಾಡಿಕೊಳ್ಳುವ ಗ್ರಾಹಕವನ್ನು ಗುರಿಯಾಗಿಸಿಕೊಂಡು, 420 ನ್ಯಾನೋಮೀಟರಿನ ಬೆಳಕಿನಲ್ಲಿ ತಡೆಯನ್ನು ಬಿಗಿಗೊಳಿಸಿಯೂ 320ರ ಬೆಳಕಿನಲ್ಲಿ ಸಡಿಲಿಸಿಯೂ ತೋರಿಸಿದರು.

ಈ ಕೌಶಲವು ಪ್ರಕೃತಿಗೆ ಹೊಸದಲ್ಲ: ನಮ್ಮ ಅಕ್ಷಿಪಟಲದ ರೆಟಿನಲ್ ಅಣುವು ಬೆಳಕು ತಗುಲಿದಾಗ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡುವುದೇ ದೃಷ್ಟಿಯ ಮೊದಲ ಹೆಜ್ಜೆ. ಆದರೆ ಇಂಥ ಅಣುವನ್ನು ಮೈಯೊಳಗೆ ಬಳಸಹೊರಟರೆ ತೊಡಕೊಂದುಂಟು: ಕಣ್ಣಿಗೆ ಬೆಳಕು ತಾನಾಗಿ ಬರುತ್ತದೆ, ಮಿದುಳು ಮಾತ್ರ ಬುರುಡೆಯ ಕತ್ತಲಲ್ಲಿದೆ. ನೇರಳಾತೀತ ಕಿರಣವು ಚರ್ಮವನ್ನು ದಾಟದು, ದಾಟಿದಲ್ಲಿ ಕೋಶಗಳಿಗೆ ಹಾನಿ. ಆದಕಾರಣ ಕೆಂಪು ಬೆಳಕಿಗೇ ಬಾಗುವ ಅಣುಗಳನ್ನು ಈಗ ಕಟ್ಟುತ್ತಿದ್ದಾರೆ. ಕೆಂಪು ಬೆಳಕು ಮೈಯೊಳಗೆ ಇಳಿದೀತೆಂಬ ಆಸೆ ನಿರಾಧಾರವಲ್ಲವೆಂಬುದಕ್ಕೆ ಪ್ರಯೋಗಶಾಲೆಯೂ ಬೇಡ. ಇರುಳಿನಲ್ಲಿ ಟಾರ್ಚಿನ ಬಾಯನ್ನು ಅಂಗೈಯಿಂದ ಮುಚ್ಚಿ ನೋಡಿದರಾಯಿತು, ರಕ್ತಮಾಂಸಗಳನ್ನು ತೂರಿ ಬೆರಳ ಸಂದಿಗಳಲ್ಲಿ ಹೊಳೆಯುವುದು ಕೆಂಪೊಂದೇ.