ಮನೆಯ ಬಳಕೆಗೆ ದ್ವಿಮುಖ ರೇಡಿಯೋ: ಆಯ್ಕೆ, ಅಳವಡಿಕೆ, ಆರೋಗ್ಯ

2005ನೆಯ ಇಸವಿಯ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ನೆಲೆಸಿದ ಕನ್ನಡಿಗರು ಮರೆತಿರಲಾರರು. ಲೋಕಲ್ ರೈಲುಗಳು ನಿಂತವು, ವಿದ್ಯುತ್ತು ಹೋಯಿತು, ಮೊಬೈಲ್ ಸಂಪರ್ಕ ಬಹುಪಾಲು ಕಡಿದುಹೋಯಿತು. ಪನವೇಲ್ ಮತ್ತು ಕಳಂಬೋಲಿಯ ತಗ್ಗು ಪ್ರದೇಶಗಳಿಗೂ ನೀರು ನುಗ್ಗಿತು. ಕಚೇರಿಗೆ ಹೋದ ಯಜಮಾನರು ಎಲ್ಲಿದ್ದಾರೆಂಬುದು ಮನೆಯವರಿಗೆ ತಿಳಿಯದು, ಮನೆಯೊಳಗೆ ನೀರು ಬಂದಿದೆಯೆಂಬುದು ಅವರಿಗೆ ತಿಳಿಯದು. ಹೀಗೆ ಅನೇಕ ಕುಟುಂಬಗಳು ಆ ರಾತ್ರಿಯನ್ನು ಆತಂಕದಲ್ಲಿಯೇ ಕಳೆದವು.

ನಮ್ಮ ಕಿಸೆಯಲ್ಲಿರುವ ಮೊಬೈಲ್ ಕೂಡ ಒಂದು ಬಗೆಯ ರೇಡಿಯೋ ಯಂತ್ರವೇ. ಆದರೆ ಅದು ಮತ್ತೊಂದು ಮೊಬೈಲಿನೊಡನೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ಕಂಪನಿಯ ಗೋಪುರ, ಆ ಗೋಪುರಕ್ಕೆ ವಿದ್ಯುತ್ತು, ಗೋಪುರದಿಂದ ಗೋಪುರಕ್ಕೆ ಕೇಬಲ್ಲು ಇವೆಲ್ಲವೂ ಸರಿಯಾಗಿದ್ದರೆ ಮಾತ್ರ ಅದರ ಆಟ ನಡೆಯುತ್ತದೆ. ದ್ವಿಮುಖ ರೇಡಿಯೋ ಹಾಗಲ್ಲ. ಒಂದು ಯಂತ್ರದಿಂದ ಹೊರಟ ಅಲೆ ಮತ್ತೊಂದು ಯಂತ್ರವನ್ನು ನೇರವಾಗಿ ಮುಟ್ಟುತ್ತದೆ. ನಡುವೆ ಯಾರ ಹಂಗೂ ಇಲ್ಲ, ತಿಂಗಳ ಬಿಲ್ಲೂ ಇಲ್ಲ. ಈ ಗುಣದಿಂದಲೇ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಅಭಿಲಾಷೆ ಹಲವರಲ್ಲಿ ಹುಟ್ಟುತ್ತದೆ. ಆದರೆ ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ಮಾತ್ರ "ಇದು ಎಷ್ಟು ವಾಟ್?" ಎಂದು. ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ.

ಮೊದಲನೆಯದು ಕಾನೂನಿನ ಪ್ರಶ್ನೆ. ಒಂದು ಕಾಲದಲ್ಲಿ ಮನೆಯಲ್ಲಿ ಕುಳಿತು ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಾಗಿದ್ದುದು ಹಿರಿಯ ವಾಚಕರ ನೆನಪಿನಲ್ಲಿರಬಹುದು. ಕೇಳುವವರಿಗೆ ಈಗ ಆ ಕಟ್ಟಳೆಯಿಲ್ಲ, ಆದರೆ ಅಲೆಗಳನ್ನು ಹೊರಸೂಸುವವರಿಗೆ ಇದೆ. ಆಕಾಶವು ಎಲ್ಲರ ಸೊತ್ತಾದ್ದರಿಂದ ಯಾವ ಆವರ್ತನದಲ್ಲಿ ಯಾರು ಮಾತನಾಡಬೇಕೆಂಬುದನ್ನು ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯ ಡಬ್ಲ್ಯು.ಪಿ.ಸಿ. ವಿಭಾಗವು ಗೊತ್ತುಪಡಿಸುತ್ತದೆ. ಸಾಮಾನ್ಯ ಗೃಹಸ್ಥನ ಮುಂದೆ ಇರುವ ಬಾಗಿಲುಗಳು ಮೂರು.

ಎಲ್ಲಕ್ಕಿಂತ ಸುಲಭವಾದುದು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿ. 2018ರ ನಿಯಮಗಳಂತೆ ಈ ಪಟ್ಟಿಯಲ್ಲಿ ನಡೆಯುವ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ ಲೈಸೆನ್ಸ್ ಬೇಕಾಗಿಲ್ಲ. ಕುಟುಂಬದ ಯಾರು ಬೇಕಾದರೂ ಬಳಸಬಹುದು. ಆದರೆ ಅದರ ಕೂಗು ದೂರ ಹೋಗದು. ಸೆಕ್ಟರಿನ ಒಳಗೆ, ಒಂದು ಸೊಸೈಟಿಯಿಂದ ಪಕ್ಕದ ಸೊಸೈಟಿಗೆ, ಇಲ್ಲವೇ ಪ್ರವಾಸದಲ್ಲಿ ಎರಡು ಕಾರುಗಳ ನಡುವೆ ಅದು ಉಪಯುಕ್ತ. ಎರಡನೆಯದು 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ನಾಗರಿಕ ಪಟ್ಟಿ. ಇದರಲ್ಲಿ 5 ವಾಟ್‌ವರೆಗೆ ಲೈಸೆನ್ಸಿನ ವಿನಾಯಿತಿಯಿದೆ. ಅಮೆರಿಕದ ಲಾರಿ ಚಾಲಕರು ಇದನ್ನು ಬಹಳ ಬಳಸಿದರು. ನಮ್ಮಲ್ಲಿ ಅದು ಬೇರೂರಲಿಲ್ಲ. ಅದಕ್ಕೆ ತಕ್ಕ ಏರಿಯಲ್ಲು ಸುಮಾರು ಒಂಬತ್ತು ಅಡಿ ಉದ್ದ ಬೇಕಾಗುವುದರಿಂದ ಕಿಸೆಯಲ್ಲಿಡುವ ಯಂತ್ರಕ್ಕೆ ಅದು ಒಗ್ಗುವುದೂ ಇಲ್ಲ.

ಮೂರನೆಯ ಬಾಗಿಲು ಹವ್ಯಾಸಿ ರೇಡಿಯೋ, ಅಂದರೆ ಜನರು 'ಹ್ಯಾಮ್' ಎಂದು ಕರೆಯುವುದು. ಇದಕ್ಕೆ ಪರೀಕ್ಷೆಯುಂಟು. ಹನ್ನೆರಡು ವರ್ಷ ತುಂಬಿದ ಯಾರೂ ಬರೆಯಬಹುದು. ತೇರ್ಗಡೆಯಾದವರಿಗೆ ಲೈಸೆನ್ಸಿನೊಂದಿಗೆ 'ವಿಯು'ದಿಂದ ಮೊದಲಾಗುವ ಒಂದು ಕರೆ ಸಂಕೇತ ದೊರೆಯುತ್ತದೆ. ಪರೀಕ್ಷೆ ಎಂದೊಡನೆ ಹೆದರಬೇಕಾಗಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮನಸ್ಸಿಟ್ಟು ಓದಿದವರಿಗೆ ಅದು ಎಟುಕುವಂಥದೇ. ನನ್ನ ಅಭಿಪ್ರಾಯದಲ್ಲಿ, ರೇಡಿಯೋದ ನಿಜವಾದ ಪ್ರಯೋಜನ ಬೇಕೆನ್ನುವವರು ಈ ಬಾಗಿಲನ್ನೇ ತಟ್ಟಬೇಕು.

ಆದರೆ ಒಂದು ಮಾತು. ಹವ್ಯಾಸಿ ಲೈಸೆನ್ಸು ವ್ಯಾಪಾರಕ್ಕಲ್ಲ. ನಮ್ಮ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ದುಡಿಯುವ ಬಂಧುಗಳು ಲಾರಿ ಎಲ್ಲಿಗೆ ಬಂತೆಂದು ಅದರಲ್ಲಿ ವಿಚಾರಿಸುವಂತಿಲ್ಲ. ಗುಪ್ತ ಭಾಷೆಯಲ್ಲಿ ಮಾತನಾಡುವಂತಿಲ್ಲ. ಲೈಸೆನ್ಸು ವ್ಯಕ್ತಿಗೇ ಹೊರತು ಮನೆಗಲ್ಲ. ಆದುದರಿಂದ ಗಂಡ ಹೆಂಡಿರಿಬ್ಬರೂ ಮಾತನಾಡಬೇಕಾದರೆ ಇಬ್ಬರೂ ಪರೀಕ್ಷೆಗೆ ಕೂಡುವುದು ಲೇಸು.

ಮಾರುಕಟ್ಟೆಯಲ್ಲಿ ಅಗ್ಗದ ಕೈಯಂತ್ರಗಳು ಧಾರಾಳವಾಗಿ ದೊರೆಯುತ್ತವೆ. ಇವುಗಳಲ್ಲಿ ಹಲವು ಪೊಲೀಸರ, ಅಗ್ನಿಶಾಮಕದವರ, ಖಾಸಗಿ ಸಂಸ್ಥೆಗಳ ಆವರ್ತನಗಳ ಮೇಲೂ ಪ್ರಸಾರ ಮಾಡಬಲ್ಲವು. ಗುಂಡಿ ಒತ್ತಿದರೆ ಕೆಲಸ ಮಾಡುತ್ತದೆ ಎಂದಮಾತ್ರಕ್ಕೆ ಒತ್ತುವ ಅಧಿಕಾರ ನಮಗೆ ಬಂದಂತಾಗಲಿಲ್ಲ. ಇಂತಹ ಯಂತ್ರಗಳನ್ನು ಅಂತರ್ಜಾಲದ ಅಂಗಡಿಗಳು ವಿವರ ಮರೆಮಾಚಿ ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಕೊಳ್ಳುವ ಮುನ್ನ ಯಂತ್ರದ ಆವರ್ತನವನ್ನೂ ಅದಕ್ಕೆ ಡಬ್ಲ್ಯು.ಪಿ.ಸಿ.ಯ ಇ.ಟಿ.ಎ. ಅನುಮೋದನೆ ಇದೆಯೇ ಎಂಬುದನ್ನೂ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಹೇಳಲು ತಡವರಿಸುವ ಅಂಗಡಿಯಿಂದ ಸುಮ್ಮನೆ ಹೊರಬರುವುದು ಜಾಣತನ.

ಹವ್ಯಾಸಿ ರೇಡಿಯೋಗೂ ಕನ್ನಡ ನಾಡಿಗೂ ಹಳೆಯ ನಂಟು. ಬೆಂಗಳೂರಿನಲ್ಲಿ ಹವ್ಯಾಸಿಗಳ ಕ್ಲಬ್ಬುಗಳು ದಶಕಗಳಿಂದ ನಡೆದುಬಂದಿವೆ. ಹವ್ಯಾಸಿಗಳಿಗಾಗಿಯೇ ಇಸ್ರೋ ನಿರ್ಮಿಸಿದ 'ಹ್ಯಾಮ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹ 2005ರ ಮೇ 5ರಂದು ಆಕಾಶಕ್ಕೇರಿ, 2014ರವರೆಗೆ ದೇಶವಿದೇಶಗಳ ಹವ್ಯಾಸಿಗಳ ಮಾತನ್ನು ಹೊತ್ತೊಯ್ದಿತು. ಆಪತ್ತಿನಲ್ಲಿ ಈ ಹವ್ಯಾಸದ ಬೆಲೆ ಏನೆಂಬುದು ಅದಕ್ಕೆ ಕೆಲವೇ ತಿಂಗಳ ಹಿಂದೆ ಅಂಡಮಾನಿನಲ್ಲಿ ಕಂಡುಬಂದಿತ್ತು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದ ತಂಡವೊಂದು ಹವ್ಯಾಸದ ಸಲುವಾಗಿಯೇ ಪೋರ್ಟ್ ಬ್ಲೇರ್‌ಗೆ ಹೋಗಿ ರೇಡಿಯೋ ನಿಲ್ದಾಣ ಹೂಡಿತ್ತು. 26ರ ಮುಂಜಾನೆ ಸುನಾಮಿ ಅಪ್ಪಳಿಸಿ ದೂರವಾಣಿ ಸತ್ತುಹೋದಾಗ, ಆ ಹವ್ಯಾಸದ ನಿಲ್ದಾಣವೇ ದ್ವೀಪಗಳಿಗೂ ಭಾರತದ ನೆಲಕ್ಕೂ ನಡುವಣ ಕೊಂಡಿಯಾಯಿತು. ಯಂತ್ರ ಮೊದಲೇ ನೆಲೆಗೊಂಡಿತ್ತು, ನಡೆಸುವ ಕೈಗಳು ಪಳಗಿದ್ದವು. ಪ್ರವಾಹ ಬಂದ ಮೇಲೆ ಯಂತ್ರವನ್ನು ಪೆಟ್ಟಿಗೆಯಿಂದ ಬಿಚ್ಚಿದವನಿಗೆ ಅದು ಸಾಧ್ಯವಾಗುತ್ತಿರಲಿಲ್ಲ.

ಇನ್ನು ವಾಟ್‌ನ ವಿಚಾರಕ್ಕೆ ಬರೋಣ. ಹವ್ಯಾಸಿಗಳು ಊರೊಳಗಿನ ಮಾತಿಗೆ ಬಳಸುವ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯ ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗು ಅವುಗಳ ಎಲ್ಲೆ. ಏರಿಯಲ್ಲಿನ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅಲೆಯ ದಿಗಂತ ಎಷ್ಟು ಕಿಲೋಮೀಟರು ಎಂಬುದು ಸಿಗುತ್ತದೆ. ನೆಲದ ಮೇಲೆ ನಿಂತು ಕೈಯಲ್ಲಿ ಹಿಡಿದ ಯಂತ್ರಕ್ಕೆ ಇದು ಸುಮಾರು 5 ಕಿಲೋಮೀಟರು. ಅದೂ ಬಯಲಿನಲ್ಲಿ. ಕಾಂಕ್ರೀಟಿನ ಕಟ್ಟಡಗಳ ನಡುವೆ ಒಂದೆರಡು ಕಿಲೋಮೀಟರು ಸಿಕ್ಕರೆ ಪುಣ್ಯ. ಅದೇ ಏರಿಯಲ್ಲನ್ನು 16 ಮೀಟರು ಎತ್ತರದ ತಾರಸಿಗೆ ಏರಿಸಿದರೆ ದಿಗಂತ 16 ಕಿಲೋಮೀಟರಿಗೆ ಸರಿಯುತ್ತದೆ. ಎದುರಿನವರೂ ಅಷ್ಟೇ ಎತ್ತರದಲ್ಲಿದ್ದರೆ ಎರಡೂ ಕೂಡಿ 32 ಕಿಲೋಮೀಟರು. ಯಂತ್ರದ ಶಕ್ತಿಯನ್ನು 5 ವಾಟ್‌ನಿಂದ 20 ವಾಟ್‌ಗೆ ನಾಲ್ಕು ಪಟ್ಟು ಹೆಚ್ಚಿಸಿದರೂ ಈ ದಿಗಂತ ಒಂದಂಗುಲವೂ ಮುಂದಕ್ಕೆ ಹೋಗದು.

ಕಳಂಬೋಲಿಯ ನೆಲದ ರಚನೆಯನ್ನೂ ಗಮನಿಸಬೇಕು. ನಾವು ಖಾಡಿಯ ಬದಿಯ ತಗ್ಗಿನಲ್ಲಿದ್ದೇವೆ. ಪೂರ್ವಕ್ಕೆ ಮಾಥೇರಾನಿನ ಬೆಟ್ಟಸಾಲು ಗೋಡೆಯಂತೆ ನಿಂತಿದೆ. ವಾಯವ್ಯಕ್ಕೆ ಖಾರ್ಘರ್ ಮತ್ತು ಪಾರ್ಸಿಕ್ ಗುಡ್ಡಗಳು ಠಾಣೆಯ ದಾರಿಗೆ ಅಡ್ಡ ಬರುತ್ತವೆ. ಪನವೇಲ್, ಕಾಮೋಠೆಗಳಿಗೆ ಮಾತು ಸುಲಭವಾಗಿ ಮುಟ್ಟೀತು. ಡೊಂಬಿವಲಿಯು ನೇರ ರೇಖೆಯಲ್ಲಿ ಇಪ್ಪತ್ತೊಂದು ಕಿಲೋಮೀಟರಿನಷ್ಟೇ ದೂರ, ತಾರಸಿಯಿಂದ ತಾರಸಿಗೆ ಪ್ರಯತ್ನಿಸಬಹುದು. ಠಾಣೆಯೊಡನೆ ಬೇಕಾದರೆ ಎತ್ತರದಲ್ಲಿ ನಿಂತು ಅಲೆಯನ್ನು ಹಿಡಿದು ಮರಳಿ ಬಿತ್ತರಿಸುವ 'ರಿಪೀಟರ್' ಯಂತ್ರದ ನೆರವು ಬೇಕು. ಮುಂಬಯಿಯ ಹವ್ಯಾಸಿಗಳ ಬಳಿ ವಿಚಾರಿಸಿದರೆ ಅವುಗಳ ವಿವರ ದೊರೆಯುತ್ತದೆ. ಆದರೆ ರಿಪೀಟರಿಗೂ ವಿದ್ಯುತ್ತು ಬೇಕು. ಮೊಬೈಲಿನ ಗೋಪುರಕ್ಕೆ ಬಂದ ಗತಿ ಅದಕ್ಕೂ ಬರಬಹುದಾದ್ದರಿಂದ ನೇರ ಮಾತಿನ ಅಭ್ಯಾಸವನ್ನು ಬಿಡಬಾರದು.

ಹೀಗಿರಲು, ಕೈಯಲ್ಲಿರುವ ಹಣದ ಹೆಚ್ಚಿನ ಭಾಗ ಏರಿಯಲ್ಲಿಗೂ ಕೇಬಲ್ಲಿಗೂ ಹೋಗುವುದು ನ್ಯಾಯ. 145 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಏರಿಯಲ್ಲು ಕೇವಲ 49 ಸೆಂಟಿಮೀಟರ್ ಉದ್ದದ ಒಂದು ಕಡ್ಡಿ. ಕೆಳಗೆ ಓರೆಯಾಗಿ ಅಷ್ಟೇ ಉದ್ದದ ನಾಲ್ಕು ಕಡ್ಡಿಗಳು. ಆಸಕ್ತರು ಹಿತ್ತಾಳೆಯ ಕಡ್ಡಿಯಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ಕೇಬಲ್ಲಿನ ವಿಷಯದಲ್ಲಿ ಮಾತ್ರ ಕೃಪಣತನ ಸಲ್ಲದು. ಆರ್.ಜಿ.-58 ಎಂಬ ತೆಳುವಾದ ಕೇಬಲ್ಲನ್ನು 20 ಮೀಟರು ಎಳೆದರೆ ಯಂತ್ರ ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಕರಗಿಹೋಗುತ್ತದೆ. ಆರ್.ಜಿ.-213 ಎಂಬ ದಪ್ಪ ಕೇಬಲ್ಲಿನಲ್ಲಿ ಮೂರನೆಯ ಒಂದು ಭಾಗದಷ್ಟೇ ನಷ್ಟ. ಏರಿಯಲ್ಲು ಮತ್ತು ಯಂತ್ರ ಹೊಂದಿಕೊಂಡಿವೆಯೇ ಎಂಬುದನ್ನು ಎಸ್.ಡಬ್ಲ್ಯು.ಆರ್. ಮೀಟರಿನಿಂದ ನೋಡಬೇಕು. 1.5ಕ್ಕಿಂತ ಕಡಿಮೆ ಬಂದರೆ ತೃಪ್ತಿಪಡಬಹುದು.

ತಾರಸಿ ಸೊಸೈಟಿಯದು. ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕು. ಕಳಂಬೋಲಿಯಲ್ಲಿ 400 ಕಿಲೋವೋಲ್ಟ್ ವಿದ್ಯುತ್ ಉಪಕೇಂದ್ರವಿದ್ದು, ಅದರಿಂದ ಹೊರಟ ಉನ್ನತ ವೋಲ್ಟೇಜಿನ ತಂತಿಗಳು ಸುತ್ತ ಹರಡಿವೆ. ಕಂಬವನ್ನು ನಿಲ್ಲಿಸುವಾಗ ಅದು ಜಾರಿ ಬಿದ್ದರೂ ಯಾವ ವಿದ್ಯುತ್ ತಂತಿಗೂ ತಗಲದಷ್ಟು ದೂರ ಇರಲೇಬೇಕು. ಇದರಲ್ಲಿ ರಾಜಿಯಿಲ್ಲ. ಅಲ್ಲದೆ ಇಂತಹ ತಂತಿಗಳ ಬಳಿ ಗ್ರಾಹಕ ಯಂತ್ರದಲ್ಲಿ 'ಝರ್' ಎಂಬ ಸದ್ದು ಹೆಚ್ಚು. ಒಂದು ಚಿಕ್ಕ ಬ್ಯಾಟರಿ ರೇಡಿಯೋವನ್ನು ಹಿಡಿದು ತಾರಸಿಯ ನಾಲ್ಕು ಮೂಲೆಗಳಲ್ಲೂ ಕಿವಿಗೊಟ್ಟು, ಸದ್ದು ಕಡಿಮೆಯಿರುವ ಮೂಲೆಯನ್ನು ಆರಿಸಿಕೊಳ್ಳಬಹುದು. 2025ರ ಡಿಸೆಂಬರಿನಿಂದ ಸಮೀಪದಲ್ಲೇ ನವಿ ಮುಂಬಯಿ ವಿಮಾನ ನಿಲ್ದಾಣ ನಡೆಯುತ್ತಿರುವುದರಿಂದ ಎತ್ತರದ ಕಂಬ ನಿಲ್ಲಿಸುವ ಮುನ್ನ ಆ ಭಾಗಕ್ಕೆ ಗೊತ್ತುಪಡಿಸಿದ ಎತ್ತರದ ಮಿತಿಯನ್ನು ತಿಳಿದುಕೊಳ್ಳಬೇಕು.

ನಮ್ಮ ಮಳೆಗಾಲ ಏರಿಯಲ್ಲುಗಳ ಶತ್ರು. ಕೇಬಲ್ಲು ಏರಿಯಲ್ಲಿಗೆ ಕೂಡುವ ಕಡೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಬೇಕು. ಕಿಟಕಿಯೊಳಗೆ ಬರುವ ಮುನ್ನ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಜೋಲುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಖಾಡಿಯ ಉಪ್ಪುಗಾಳಿಗೆ ತಿರುಪುಗಳು ಬೇಗ ಕಿಲುಬುವುದರಿಂದ ಸ್ಟೇನ್‌ಲೆಸ್ ಸ್ಟೀಲಿನವನ್ನೇ ಹಾಕುವುದೊಳಿತು. ಕಂಬದಿಂದ ದಪ್ಪ ತಾಮ್ರದ ಪಟ್ಟಿಯನ್ನು ನೇರವಾಗಿ ನೆಲಕ್ಕೆ ಇಳಿಸಿ ಅರ್ಥಿಂಗ್ ಮಾಡಿಸಬೇಕು. ಗುಡುಗು ಕೇಳಿದೊಡನೆ ಮಾತು ನಿಲ್ಲಿಸಬೇಕು. ಮೋಡ ಕವಿಯುವ ಮೊದಲೇ ಕೇಬಲ್ಲನ್ನು ಯಂತ್ರದಿಂದ ಕಳಚಿಡುವುದು ಇನ್ನೂ ಕ್ಷೇಮ.

ಊರಿನ ಕಡೆಗೆ ಮಾತನಾಡುವ ಆಸೆಯುಳ್ಳವರಿಗೆ 7 ಮೆಗಾಹರ್ಟ್ಸ್ ಪಟ್ಟಿಯಿದೆ. ಈ ಅಲೆಗಳು ಮೇಲಕ್ಕೇರಿ, ಇನ್ನೂರೈವತ್ತು ಮುನ್ನೂರು ಕಿಲೋಮೀಟರು ಎತ್ತರದ ಅಯಾನುಗೋಳದಲ್ಲಿ ಬಾಗಿ ಮರಳಿ ಭೂಮಿಗೆ ಇಳಿಯುತ್ತವೆ. ಬೆಟ್ಟಗಳ ಅಡ್ಡಿ ಅವುಗಳಿಗಿಲ್ಲ. ಎರಡು ಕಡೆಗೆ ಹತ್ತು ಹತ್ತು ಮೀಟರು ಚಾಚಿದ ಸಾದಾ ತಾಮ್ರದ ತಂತಿಯೇ ಏರಿಯಲ್ಲು. ಕಳಂಬೋಲಿಯಿಂದ ವಿಜಯಪುರ, ಬೆಳಗಾವಿ, ಕಲಬುರಗಿ, ಹುಬ್ಬಳ್ಳಿಗಳು ನೇರ ರೇಖೆಯಲ್ಲಿ 370ರಿಂದ 460 ಕಿಲೋಮೀಟರುಗಳ ಒಳಗೆ ಬರುವುದರಿಂದ ಹಗಲಿನಲ್ಲಿ ಈ ಪಟ್ಟಿಗೆ ಅವು ಹೇಳಿಮಾಡಿಸಿದ ದೂರದಲ್ಲಿವೆ. ರಾತ್ರಿಯಾದಂತೆ ಅಲೆ ದೂರ ನೆಗೆಯತೊಡಗಿ ಹತ್ತಿರದ ಊರುಗಳು ಕೇಳದಾಗುವುದೂ ಉಂಟು. ನಿಮ್ಮ ಲೈಸೆನ್ಸಿನ ದರ್ಜೆಗೆ ಯಾವ ಪಟ್ಟಿ, ಎಷ್ಟು ಶಕ್ತಿ ಎಂಬುದನ್ನು ನೋಡಿಕೊಂಡೇ ಯಂತ್ರ ಕೊಳ್ಳಬೇಕು.

ಬ್ಯಾಟರಿಯ ಲೆಕ್ಕ ಸರಳ. ಕೇಳುತ್ತಿರುವಾಗ ಯಂತ್ರ ಸುಮಾರು ಅರ್ಧ ಆಂಪಿಯರ್ ಎಳೆದರೆ ಇಡೀ ದಿನಕ್ಕೆ 12 ಆಂಪಿಯರ್ ಗಂಟೆ. ದಿನದಲ್ಲಿ ಅರ್ಧ ಗಂಟೆ ಮಾತನಾಡಿದರೆ, 6 ಆಂಪಿಯರಿನಂತೆ ಇನ್ನು 3. ಒಟ್ಟು 15. ಬ್ಯಾಟರಿಯನ್ನು ಅರ್ಧಕ್ಕಿಂತ ಬರಿದು ಮಾಡಬಾರದೆಂಬ ನಿಯಮದಂತೆ 12 ವೋಲ್ಟಿನ 40 ಆಂಪಿಯರ್ ಗಂಟೆಯ ಬ್ಯಾಟರಿ ಒಂದು ದಿನಕ್ಕೆ ಸಾಕು. ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಇರಲಿ. ಸೀಸದ ಬ್ಯಾಟರಿ ಚಾರ್ಜಾಗುವಾಗ ಉರಿಯುವ ಹೈಡ್ರೋಜನ್ ಅನಿಲ ಬರುವುದರಿಂದ ಅದನ್ನು ಕಪಾಟಿನಲ್ಲಿಯೂ ದೇವರ ದೀಪದ ಪಕ್ಕದಲ್ಲಿಯೂ ಇಡಬಾರದು.

ಆರೋಗ್ಯದ ಬಗ್ಗೆ ಎರಡು ಅತಿರೇಕಗಳಿವೆ. ಅಲೆ ಎಂದೊಡನೆ ಕ್ಯಾನ್ಸರ್ ಎಂದು ಬೆಚ್ಚುವವರು ಕೆಲವರಾದರೆ, ಏನೂ ಆಗದೆಂದು ಕಡೆಗಣಿಸುವವರು ಕೆಲವರು. ರೇಡಿಯೋ ಅಲೆಗಳು ಕ್ಷ-ಕಿರಣಗಳಂತೆ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕಲಾರವು. ಅವುಗಳ ಖಚಿತವಾದ ಪರಿಣಾಮವೆಂದರೆ ಶರೀರದ ಅಂಗಾಂಶಗಳನ್ನು ಬಿಸಿ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ಇವುಗಳನ್ನು 'ಪ್ರಾಯಶಃ ಕ್ಯಾನ್ಸರ್‌ಕಾರಕವಾಗಿರಬಹುದಾದ' ವರ್ಗದಲ್ಲಿ ಇರಿಸಿತು. ಸಾಕ್ಷ್ಯ ಸೀಮಿತವೆಂಬುದೇ ಆ ವರ್ಗದ ಅರ್ಥ. ಆದರೆ ಮನುಷ್ಯ ಶರೀರವು ಅತಿ ಹೆಚ್ಚು ಶಕ್ತಿಯನ್ನು ಹೀರುವುದು 30ರಿಂದ 300 ಮೆಗಾಹರ್ಟ್ಸ್‌ಗಳ ನಡುವೆ, ಅಂದರೆ ಹವ್ಯಾಸಿಗಳ ಕೈಯಂತ್ರದ ಪಟ್ಟಿ ಇರುವಲ್ಲಿಯೇ. ಆದುದರಿಂದ ಕೈಯಂತ್ರವನ್ನು ಬಾಯಿಂದ ನಾಲ್ಕು ಬೆರಳು ದೂರ, ಏರಿಯಲ್ಲು ಕಣ್ಣಿಗೆ ತಾಗದಂತೆ ನೇರವಾಗಿ ಹಿಡಿಯಬೇಕು. ಸಾಧ್ಯವಾದ ಕಡೆಯೆಲ್ಲ ಕಡಿಮೆ ಶಕ್ತಿಯಲ್ಲೇ ಮಾತನಾಡಬೇಕು. ಬಿಸಿ ಕಣ್ಣಿನ ಮಸೂರಕ್ಕೆ ಹಾನಿಕರ. ತಾರಸಿಯಲ್ಲಿ ಮಕ್ಕಳು ಆಡುತ್ತಾರೆ, ಹೆಂಗಸರು ಹಪ್ಪಳ ಒಣಹಾಕುತ್ತಾರೆ. ಏರಿಯಲ್ಲು ಅವರ ತಲೆಗಿಂತ ಎರಡು ಮೂರು ಮೀಟರು ಮೇಲಿರಬೇಕು. 7 ಮೆಗಾಹರ್ಟ್ಸ್ ತಂತಿಯ ತುದಿಯನ್ನು ಪ್ರಸಾರದ ವೇಳೆ ಮುಟ್ಟಿದರೆ ಚರ್ಮ ಸುಡುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳಿದ ಮೇಲೆಯೇ ಯಂತ್ರವನ್ನು ಮುಟ್ಟತಕ್ಕದ್ದು. ಅಂತಹವರು ಮೇಲಿನ ಜೇಬಿನಲ್ಲಿ ವಾಕಿಟಾಕಿ ಇಟ್ಟುಕೊಳ್ಳಲೇಬಾರದು.

ಯಂತ್ರ ಬಂದ ಮೇಲೆ ವೇಳಾಪತ್ರಿಕೆ ಬೇಕು. ವಿದ್ಯುತ್ತು ಹೋದ ದಿನ ಪ್ರತಿ ಗಂಟೆಯ ಮೊದಲ ಐದು ನಿಮಿಷ ಮಾತ್ರ ಯಂತ್ರ ತೆರೆದಿಡುವುದೆಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿದ್ದರೆ ಕೈಯಂತ್ರದ ಬ್ಯಾಟರಿ ಹಲವು ದಿನ ಬರುತ್ತದೆ. ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತು ಆರಂಭಿಸಬೇಕು. ಇಲ್ಲವಾದರೆ ಮೊದಲ ಶಬ್ದ ನುಂಗಿಹೋಗುತ್ತದೆ. ಗೊತ್ತುಮಾಡಿಕೊಂಡ ಚಾನೆಲ್ಲು, ಅದು ಗದ್ದಲವಾದರೆ ಬದಲಿ ಚಾನೆಲ್ಲು, ವೇಳೆ, ಸೊಸೈಟಿಯಲ್ಲಿ ನೀರು ಏರದ ಮಹಡಿಯ ಮನೆಯ ಸಂಖ್ಯೆ ಇವಿಷ್ಟನ್ನು ಒಂದು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಯಂತ್ರದ ಜೊತೆಗೇ ಇಡಬೇಕು. ಮೇ ತಿಂಗಳ ಕೊನೆಯ ಭಾನುವಾರ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ತಾರಸಿಯ ಟೇಪು ಬಿಟ್ಟುಕೊಂಡಿದೆಯೇ ನೋಡಿ, ಮನೆಯ ಎಲ್ಲರೂ ಒಂದೊಂದು ಸಲ ಕಾಗದದಲ್ಲಿ ಬರೆದಂತೆ ಕರೆದು ನೋಡಬೇಕು. ಹವ್ಯಾಸಿ ಯಂತ್ರವಾದರೆ ಲೈಸೆನ್ಸುಳ್ಳವರು ಮಾತ್ರ.